ಕಾರ್ಬನ್‌ ಮೇಲೆ ಗಾಮಾ ಬಿಟ್ಟಾಗ ಪೈ ಝೀರೋ ಲೆಕ್ಕ ಡೇಟಾಗಿಂತ ಸುಮಾರು ಎರಡು ಪಟ್ಟು ಬರ್ತಿದೆ, ಮಾಡೆಲ್‌ಗೆ ಇನ್ನೇನು ಸೇರಿಸ್ಬೇಕು?

ಪಯಾನ್_ಪಥ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನ್ಯೂಕ್ಲಿಯಸ್ ಒಳಗೆ ಬೆಳಕು ಮೀಸಾನ್ ಹುಟ್ಟಿಸೋದನ್ನ ಲೆಕ್ಕ ಹಾಕೋ ಒಂದು ಚಿಕ್ಕ ಮಾಂಟೆ ಕಾರ್ಲೊ ಕೋಡ್ ಬರೀತಿದೀನಿ, ಸದ್ಯಕ್ಕೆ 200ರಿಂದ 450 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಫೋಟಾನ್, ಟಾರ್ಗೆಟ್ ಕಾರ್ಬನ್ ಮತ್ತು ಸೀಸ, ಹೊರಗೆ ಬರೋ ಪೈ ಝೀರೋ (ಚಾರ್ಜ್ ಇಲ್ಲದ ಪಯಾನ್, ಅತಿ ಹಗುರ ಮೀಸಾನ್) ಮಾತ್ರ ನೋಡ್ತಿದೀನಿ.

ಈಗಿರೋ ಮಾಡೆಲ್ ಹೀಗಿದೆ. ನ್ಯೂಕ್ಲಿಯಸ್‌ನ ಡೆನ್ಸಿಟಿ ಪ್ರಕಾರ ಒಂದು ನ್ಯೂಕ್ಲಿಯಾನ್ (ಪ್ರೋಟಾನ್ ಅಥವಾ ನ್ಯೂಟ್ರಾನ್) ಆರಿಸ್ತೀನಿ, ಅದಕ್ಕೆ, ನ್ಯೂಕ್ಲಿಯಾನ್‌ಗಳು ಒಳಗೆ ಒಂದು ಮಿತಿ ಮೊಮೆಂಟಮ್ ತನಕ ತುಂಬಿಕೊಂಡಿರತ್ತೆ ಅನ್ನೋ ಫರ್ಮಿ ಗ್ಯಾಸ್‌ನಿಂದ ಒಂದು ಮೊಮೆಂಟಮ್ ಕೊಡ್ತೀನಿ (ಕಾರ್ಬನ್‌ಗೆ ಮಿತಿ 221 ಎಂಇವಿ), ಫೋಟಾನ್ ಜೊತೆ ಸೇರಿಸಿ ಸೆಂಟರ್ ಆಫ್ ಮಾಸ್ ಎನರ್ಜಿ ತೆಗೀತೀನಿ, ಆ ಎನರ್ಜಿಗೆ ಬಿಡಿ ನ್ಯೂಕ್ಲಿಯಾನ್ ಕ್ರಾಸ್ ಸೆಕ್ಷನ್ (ಪ್ರಕ್ರಿಯೆ ನಡೆಯೋ ಸಾಧ್ಯತೆಯ ಅಳತೆ) ಏನಿದೆಯೋ ಅದನ್ನ ಮೈಂಜ್‌ನವರ ಮೇಡ್ (ಬಿಡಿ ನ್ಯೂಕ್ಲಿಯಾನ್ ಮೇಲೆ ಪಯಾನ್ ಹುಟ್ಟೋ ಮಾಡೆಲ್) ಟೇಬಲ್‌ನಿಂದ ತಗೋತೀನಿ. ನ್ಯೂಕ್ಲಿಯಾನ್ ಎದುರಿಗೆ ಬರ್ತಿದ್ರೆ ಫೋಟಾನ್‌ಗೆ ಸಿಗೋ ಫ್ಲಕ್ಸ್ ಜಾಸ್ತಿ, ಹಿಂದೆ ಓಡ್ತಿದ್ರೆ ಕಮ್ಮಿ ಅನ್ನೋ ಫ್ಯಾಕ್ಟರ್ ಸೇರಿಸಿದೀನಿ. ಹೊಡೆತ ತಿಂದ ನ್ಯೂಕ್ಲಿಯಾನ್ ಫರ್ಮಿ ಸಮುದ್ರದ (ಆಗಲೇ ತುಂಬಿರೋ ಮೊಮೆಂಟಮ್‌ಗಳ) ಒಳಗೇ ಬಿದ್ರೆ ಆ ಇವೆಂಟ್ ತೆಗೆದುಹಾಕ್ತೀನಿ, ಅಂದ್ರೆ ಪೌಲಿ ಬ್ಲಾಕಿಂಗ್ ಇದೆ.

ಸಮಸ್ಯೆ ಮೂರು. ಒಂದು, ಡೆಲ್ಟಾ (ನ್ಯೂಕ್ಲಿಯಾನ್‌ನ ಅಲ್ಪಾಯುಷಿ ಉದ್ರಿಕ್ತ ರೂಪ) ಪೀಕ್ ಹತ್ರ ಕಾರ್ಬನ್‌ಗೆ ಒಟ್ಟು ಪೈ ಝೀರೋ ಡೇಟಾಗಿಂತ ಹೆಚ್ಚು ಕಮ್ಮಿ ಎರಡು ಪಟ್ಟು ಬರ್ತಿದೆ, ಸೀಸಕ್ಕೆ ಇನ್ನೂ ಬಹಳ ಜಾಸ್ತಿ. ಎರಡು, ಡೇಟಾದಲ್ಲಿ ಮುಂದಿನ ಕೋನಗಳಲ್ಲಿ ಒಂದು ಎದ್ದು ಕಾಣೋ ಉಬ್ಬು ಇದೆ, ನನ್ನ ಕೋಡ್‌ನಲ್ಲಿ ಅದು ಇಲ್ಲವೇ ಇಲ್ಲ, ಪೌಲಿ ಬ್ಲಾಕಿಂಗ್ ಹಾಕಿದ ಮೇಲಂತೂ ಅಲ್ಲಿ ಇನ್ನೂ ತಗ್ಗಾಗಿದೆ. ಮೂರು, ಒಟ್ಟು ನಂಬರ್ ಜಾಸ್ತಿ ಇದ್ರೂ ಒಂದು ಕಡೆ ಕಮ್ಮಿ ಇರೋದ್ರಿಂದ ಒಂದೇ ಗುಣಕ ಹಾಕಿ ಸರಿ ಮಾಡೋಕೂ ಆಗಲ್ಲ. ಎ (ನ್ಯೂಕ್ಲಿಯಾನ್‌ಗಳ ಒಟ್ಟು ಸಂಖ್ಯೆ) ಬದಲು ಎ ಘಾತ 2/3 ಹಾಕಿ ಗುಣಿಸಿಬಿಡಿ ಅಂತ ಒಬ್ರು ಹೇಳಿದ್ರು, ನಂಬರ್ ಹತ್ರ ಬರತ್ತೆ ನಿಜ, ಆದ್ರೆ ಯಾಕೆ ಬರತ್ತೆ ಅಂತ ತಿಳಿಯದೆ ಹಾಕೋಕೆ ಮನಸ್ಸು ಒಪ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕ್ಯಾಸ್ಕೇಡ್_ಕೋಡಿಗ:

ಮನಸ್ಸು ಒಪ್ಪದೇ ಇದ್ದಿದ್ದು ಒಳ್ಳೇದಾಯ್ತು, ಆ ಗುಣಕ ಹಾಕ್ಲೇಬೇಡಿ. ನಿಮ್ಮ ಕೋಡ್‌ನಲ್ಲಿ ಅರ್ಧ ಕಥೆ ಮಾತ್ರ ಇದೆ, ಪಯಾನ್ ಹುಟ್ಟತ್ತೆ, ಆದ್ರೆ ಹುಟ್ಟಿದ ಮೇಲೆ ನ್ಯೂಕ್ಲಿಯಸ್ ದಾಟಿ ಹೊರಗೆ ಬರೋ ದಾರಿ ಇಲ್ಲ.

ಫೋಟಾನ್ ಒಳಗೆ ಹೋಗೋದು ಒಂದು ಥರ, ಪಯಾನ್ ಹೊರಗೆ ಬರೋದು ಪೂರ್ತಿ ಬೇರೆ ಥರ, ಇದು ಅಂಕಿ ಹಾಕಿ ನೋಡಿದ್ರೆ ತಕ್ಷಣ ಗೊತ್ತಾಗತ್ತೆ. ಡೆಲ್ಟಾ ಪೀಕ್‌ನಲ್ಲಿ (ಫೋಟಾನ್ ಸುಮಾರು 320-340 ಎಂಇವಿ) ಪ್ರೋಟಾನ್‌ಗೆ ಒಟ್ಟು ಫೋಟಾನ್ ಕ್ರಾಸ್ ಸೆಕ್ಷನ್ 500 ಮೈಕ್ರೋಬಾರ್ನ್ ಆಸುಪಾಸು, ಅದ್ರಲ್ಲಿ ಪೈ ಝೀರೋ ಪಾಲು ಸುಮಾರು 300. ನ್ಯೂಕ್ಲಿಯಸ್ ನಡುವಿನ ಡೆನ್ಸಿಟಿ ಘನ ಫೆರ್ಮಿಗೆ (ಒಂದು ಫೆರ್ಮಿ ಅಂದ್ರೆ 10ರ ಘಾತ ಮೈನಸ್ 15 ಮೀಟರ್) 0.16 ನ್ಯೂಕ್ಲಿಯಾನ್. ಹಾಗಾದ್ರೆ ಫೋಟಾನ್‌ನ ಸರಾಸರಿ ಮುಕ್ತ ದೂರ 100 ಫೆರ್ಮಿಗಿಂತ ಜಾಸ್ತಿ ಆಯ್ತು. ಸೀಸದ ನ್ಯೂಕ್ಲಿಯಸ್‌ನ ಅಡ್ಡಳತೆಯೇ 14 ಫೆರ್ಮಿ ಆಸುಪಾಸು. ಅಂದ್ರೆ ಫೋಟಾನ್‌ಗೆ ಇಡೀ ನ್ಯೂಕ್ಲಿಯಸ್ ಪಾರದರ್ಶಕ, ಮುಂದಿನ ಮುಖ ಹಿಂದಿನ ಮುಖ ಒಳಗಿನ ಹೊಟ್ಟೆ ಎಲ್ಲಾ ಒಂದೇ, ಯಾವ ನ್ಯೂಕ್ಲಿಯಾನ್‌ಗಾದ್ರೂ ಸಮಾನವಾಗಿ ಹೊಡೀಬಹುದು. ಪಯಾನ್ ಬೀಮ್ ಬಿಟ್ಟು ನ್ಯೂಕ್ಲಿಯಸ್ ಅಧ್ಯಯನ ಮಾಡಿದ್ರೆ ಈ ಸೌಲಭ್ಯ ಸಿಗಲ್ಲ, ಅದು ಮೇಲ್ಮೈಯಲ್ಲೇ ನಿಂತುಬಿಡತ್ತೆ, ಬೆಳಕಿನ ದೊಡ್ಡ ಗುಣ ಇದೇ.

ಈಗ ಪಯಾನ್ ನೋಡಿ. ಡೆಲ್ಟಾ ಪೀಕ್‌ನಲ್ಲಿ ಪಾಸಿಟಿವ್ ಪಯಾನ್-ಪ್ರೋಟಾನ್ ಕ್ರಾಸ್ ಸೆಕ್ಷನ್ 200 ಮಿಲಿಬಾರ್ನ್, ಪ್ರೋಟಾನ್ ನ್ಯೂಟ್ರಾನ್ ಸರಾಸರಿ ತಗೊಂಡ್ರೂ 130ಕ್ಕೆ ಕಮ್ಮಿ ಇಲ್ಲ. ಮುಕ್ತ ದೂರ ಒಂದು ಫೆರ್ಮಿಗಿಂತ ಕಡಿಮೆ! ಒಳಗೆ ಆಳದಲ್ಲಿ ಹುಟ್ಟಿದ ಪಯಾನ್ ನೇರವಾಗಿ ಹೊರಗೆ ಬರೋ ಚಾನ್ಸ್ ತುಂಬಾ ಕಮ್ಮಿ. ಅದು ಇನ್ನೊಂದು ನ್ಯೂಕ್ಲಿಯಾನ್ ಸೇರಿ ಡೆಲ್ಟಾ ಆಗತ್ತೆ, ಆ ಡೆಲ್ಟಾ ಮತ್ತೆ ಪಯಾನ್ ಬಿಟ್ರೆ ಚದುರುವಿಕೆ ಆಯ್ತು, ಆದ್ರೆ ಪಯಾನ್ ಬಿಡೋ ಮುಂಚೆ ಪಕ್ಕದ ನ್ಯೂಕ್ಲಿಯಾನ್‌ಗೆ ಡಿಕ್ಕಿ ಹೊಡೆದು ಎರಡು ನ್ಯೂಕ್ಲಿಯಾನ್ ಆಗಿಬಿಟ್ರೆ ಪಯಾನ್ ಅಲ್ಲಿಗೇ ಮುಗೀತು. ಅದರ ಎನರ್ಜಿ ಪೂರ್ತಿ ಆ ಎರಡು ನ್ಯೂಕ್ಲಿಯಾನ್‌ಗಳಿಗೆ ಹೋಗತ್ತೆ, ಡಿಟೆಕ್ಟರ್‌ನಲ್ಲಿ ಪಯಾನ್ ಬದಲು ವೇಗವಾದ ಪ್ರೋಟಾನ್ ನ್ಯೂಟ್ರಾನ್ ಕಾಣತ್ತೆ.

ಹಾಗಾಗಿ ಹೊರಗೆ ಬರೋದು ಹೆಚ್ಚಾಗಿ ಮೇಲ್ಮೈ ಹತ್ರ ಹುಟ್ಟಿದ್ದು, ಮೇಲ್ಮೈ ಎ ಘಾತ 2/3ರಂತೆ ಬೆಳೆಯತ್ತೆ. ಕಾರ್ಬನ್‌ಗೆ ಅದು 12ರ ಬದಲು 5.2, ಅಂದ್ರೆ ನಿಮಗೆ ಕಾಣ್ತಿರೋ ಎರಡು ಪಟ್ಟು. ಸೀಸಕ್ಕೆ 208ರ ಬದಲು 35, ಆರು ಪಟ್ಟು ವ್ಯತ್ಯಾಸ. ನಿಮ್ಮ ಸೀಸದ ಲೆಕ್ಕ ಯಾಕೆ ಅಷ್ಟು ದೂರ ಹೋಯ್ತು ಅನ್ನೋದಕ್ಕೆ ಇದೇ ಕಾರಣ. ಆದ್ರೆ ಗುಣಕವಾಗಿ ಹಾಕಿದ್ರೆ ಒಟ್ಟು ಎಣಿಕೆ ಮಾತ್ರ ಸರಿಹೋಗತ್ತೆ, ಪಯಾನ್‌ಗಳ ಎನರ್ಜಿ ಹಂಚಿಕೆ, ಕೋನ, ಜೊತೆಗೆ ಬರೋ ನ್ಯೂಕ್ಲಿಯಾನ್ ಎಲ್ಲಾ ತಪ್ಪಾಗೇ ಉಳಿಯತ್ತೆ. ಕಮ್ಮಿ ಎನರ್ಜಿಯ ಪಯಾನ್‌ಗೆ, ಅಂದ್ರೆ ಡೆಲ್ಟಾ ತಲುಪೋಕಾಗದ ಪಯಾನ್‌ಗೆ, ನ್ಯೂಕ್ಲಿಯಸ್ ಬಹಳ ಪಾರದರ್ಶಕ, ಅಲ್ಲಿ 2/3 ಅನ್ನೋ ಘಾತವೇ ನಿಲ್ಲಲ್ಲ, 1ರ ಕಡೆಗೆ ಏರತ್ತೆ.

ಇನ್ನೊಂದು ವಿಷ್ಯ, ನೀವು ಪೈ ಝೀರೋ ಮಾತ್ರ ನೋಡ್ತಿದೀನಿ ಅಂದ್ರಿ, ಆದ್ರೆ ಹುಟ್ಟೋವಾಗ ಚಾರ್ಜ್ ಇರೋ ಪಯಾನ್‌ಗಳನ್ನೂ ಹುಟ್ಟಿಸ್ಲೇಬೇಕು. ಪಾಸಿಟಿವ್ ಪಯಾನ್ ಒಂದು ನ್ಯೂಟ್ರಾನ್‌ಗೆ ಬಡಿದು ಪೈ ಝೀರೋ ಆಗಿ ಪ್ರೋಟಾನ್ ಬಿಟ್ಟು ಬರೋದು ಸಾಮಾನ್ಯ, ಹಾಗೇ ಉಲ್ಟಾನೂ. ಆ ಚಾರ್ಜ್ ಎಕ್ಸ್‌ಚೇಂಜ್ ಬಿಟ್ರೆ ಪೈ ಝೀರೋ ಲೆಕ್ಕ ಎರಡೂ ಕಡೆಯಿಂದ ಕೆಡತ್ತೆ. ಪೈ ಝೀರೋ ಒಳಗೇ ಎರಡು ಗಾಮಾ ಆಗಿಬಿಡತ್ತಾ ಅನ್ನೋ ಚಿಂತೆ ಬೇಡ, ಅದರ ಆಯಸ್ಸು 8.4 ಗುಣಿಸು 10ರ ಘಾತ ಮೈನಸ್ 17 ಸೆಕೆಂಡ್, ಅಷ್ಟರಲ್ಲಿ ಬೆಳಕಿನ ವೇಗದಲ್ಲಿ 25 ನ್ಯಾನೋಮೀಟರ್ ಹೋಗತ್ತೆ, ನ್ಯೂಕ್ಲಿಯಸ್‌ಗೆ ಹೋಲಿಸಿದ್ರೆ ಲಕ್ಷಗಟ್ಟಲೆ ಪಟ್ಟು ದೂರ. ಕೋಡ್‌ನಲ್ಲಿ ಹೊರಗೆ ಬಂದ ಮೇಲೆ ಡಿಕೇ ಮಾಡಿಸಿ ಸಾಕು.

ಪಯಾನ್ ಓಡಿಸೋಕೆ ಶುರು ಮಾಡೋ ಮುಂಚೆ ಒಂದು ಟೆಸ್ಟ್ ಮಾಡ್ಕೊಳ್ಳಿ, ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ. ಈಗಿರೋ ಕೋಡ್‌ನಲ್ಲೇ ಎಲ್ಲಾ ಚಾನಲ್ ಸೇರಿಸಿ ಒಟ್ಟು ಫೋಟಾನ್ ಹೀರಿಕೆ ಎಷ್ಟು ಅಂತ ತೆಗೀರಿ, ಎ ಇಂದ ಭಾಗಿಸಿ. ಅದಕ್ಕೆ ಡೇಟಾ ಇದೆ, ಡೆಲ್ಟಾ ಪ್ರದೇಶದಲ್ಲಿ ಬೆರಿಲಿಯಂ ಇಂದ ಯುರೇನಿಯಂ ತನಕ ಪ್ರತಿ ನ್ಯೂಕ್ಲಿಯಾನ್‌ಗೆ ಒಂದೇ ಗೆರೆ ಬರತ್ತೆ, ಯೂನಿವರ್ಸಲ್ ಕರ್ವ್ ಅಂತಾರೆ. ಹುಟ್ಟು ಎಯಂತೆ, ಹೊರಬರೋದು ಎ ಘಾತ 2/3ರಂತೆ, ಎರಡೂ ಒಂದೇ ನ್ಯೂಕ್ಲಿಯಸ್‌ನಲ್ಲಿ ಒಟ್ಟಿಗೆ ನಿಜ. ಹುಟ್ಟಿನ ಲೆಕ್ಕ ಹೀರಿಕೆ ಡೇಟಾಗೆ ತಾಳೆ ಆಗ್ಲಿ, ಆಮೇಲೆ ಆ ಭಾಗ ಮುಟ್ಟಬೇಡಿ, ಮುಂದೆ ಪಯಾನ್ ನಂಬರ್ ಸರಿ ಬರದೇ ಇದ್ರೆ ದಾರಿಯ ಭಾಗವನ್ನ ಮಾತ್ರ ನೋಡಿ. ಒಂದರ ತಪ್ಪನ್ನ ಇನ್ನೊಂದರಲ್ಲಿ ಮುಚ್ಚೋಕೆ ಹೋದ್ರೆ ಕಾರ್ಬನ್‌ಗೆ ಸರಿಹೋಗಿ ಸೀಸಕ್ಕೆ ಕೈಕೊಡತ್ತೆ.

ಅಲೆ_ಮತ್ತು_ಕಣ:

ಮೇಲಿನವರು ಹೇಳಿದ್ದು ಪೂರ್ತಿ ಒಪ್ತೀನಿ, ಆದ್ರೆ ನಿಮ್ಮ ಎರಡನೇ ಸಮಸ್ಯೆಗೆ ಅದರಲ್ಲಿ ಉತ್ತರ ಇಲ್ಲ. ಮುಂದಿನ ಕೋನದ ಉಬ್ಬು, ಕಣಗಳನ್ನ ಡಿಕ್ಕಿಯಿಂದ ಡಿಕ್ಕಿಗೆ ಓಡಿಸೋ ಯಾವ ಕ್ಯಾಸ್ಕೇಡ್‌ನಲ್ಲೂ ಬರಲ್ಲ, ಎಷ್ಟೇ ಚೆನ್ನಾಗಿ ಬರೆದ್ರೂ ಬರಲ್ಲ, ಯಾಕಂದ್ರೆ ಅದು ಪ್ರಾಬಬಿಲಿಟಿ ಕೂಡಿಸಿ ಸಿಗೋದಲ್ಲ, ಆಂಪ್ಲಿಟ್ಯೂಡ್ (ವರ್ಗ ಮಾಡಿದ್ರೆ ಪ್ರಾಬಬಿಲಿಟಿ ಕೊಡೋ ಅಲೆಯ ಅಳತೆ) ಕೂಡಿಸಿ ಸಿಗೋದು.

ಫೋಟಾನ್ ಬಂತು, ಪೈ ಝೀರೋ ಹೋಯ್ತು, ಕಾರ್ಬನ್ ನ್ಯೂಕ್ಲಿಯಸ್ ಮಾತ್ರ ಇದ್ದ ಹಾಗೇ ಗ್ರೌಂಡ್ ಸ್ಟೇಟ್‌ನಲ್ಲೇ ಉಳೀತು ಅಂತಿಟ್ಕೊಳ್ಳಿ. ಆಗ ಯಾವ ನ್ಯೂಕ್ಲಿಯಾನ್ ಮೇಲೆ ಪಯಾನ್ ಹುಟ್ಟಿತು ಅನ್ನೋದಕ್ಕೆ ಗುರುತೇ ಉಳಿಯಲ್ಲ, 12 ನ್ಯೂಕ್ಲಿಯಾನ್‌ಗಳ ಆಂಪ್ಲಿಟ್ಯೂಡ್ ಮೊದಲು ಕೂಡಿಸಿ ಆಮೇಲೆ ವರ್ಗ ಮಾಡ್ಬೇಕು. ಪೈ ಝೀರೋಗೆ ಇದು ನಡೆಯತ್ತೆ, ಚಾರ್ಜ್ ಇರೋ ಪಯಾನ್‌ಗೆ ನಡೆಯಲ್ಲ, ಅಲ್ಲಿ ನ್ಯೂಕ್ಲಿಯಸ್ಸೇ ಬೇರೆ ಆಗಿಬಿಡತ್ತೆ. ಕಾರ್ಬನ್-12ರ ಸ್ಪಿನ್ ಸೊನ್ನೆ, ಹಾಗಾಗಿ ಆಂಪ್ಲಿಟ್ಯೂಡ್‌ನಲ್ಲಿ ಸ್ಪಿನ್ ತಿರುಗಿಸೋ ಭಾಗ ಎಲ್ಲಾ ರದ್ದಾಗಿ ಸ್ಪಿನ್ ಮುಟ್ಟದ ಭಾಗ ಮಾತ್ರ ಉಳಿಯತ್ತೆ. 1957ರಲ್ಲಿ ಚ್ಯೂ, ಗೋಲ್ಡ್‌ಬರ್ಗರ್, ಲೋ, ನಂಬು ಬರೆದ ನಾಲ್ಕು ಆಂಪ್ಲಿಟ್ಯೂಡ್‌ಗಳಲ್ಲಿ ಇದಕ್ಕೆ ಬೇಕಾಗಿರೋದು ಎರಡನೆಯದು, ಅದರ ಜೊತೆ ಕೋನದ ಸೈನ್ ಬರತ್ತೆ. ಸರಳವಾಗಿ ಹೇಳಿದ್ರೆ ಕ್ರಾಸ್ ಸೆಕ್ಷನ್ ಅನ್ನೋದು ಎ ವರ್ಗ, ಫಾರ್ಮ್ ಫ್ಯಾಕ್ಟರ್ (ನ್ಯೂಕ್ಲಿಯಸ್‌ನ ಆಕಾರದಿಂದ ಬರೋ, ಕೋನ ಹೆಚ್ಚಿದಂತೆ ಕುಗ್ಗೋ ಗುಣಕ) ವರ್ಗ, ಸೈನ್ ವರ್ಗ ಈ ಮೂರರ ಗುಣಲಬ್ಧದಂತೆ ಹೋಗತ್ತೆ. ನೇರ ಸೊನ್ನೆ ಡಿಗ್ರಿಯಲ್ಲಿ ಸೈನ್ ಅದನ್ನ ಕೊಲ್ಲತ್ತೆ, ದೊಡ್ಡ ಕೋನದಲ್ಲಿ ಫಾರ್ಮ್ ಫ್ಯಾಕ್ಟರ್ ಕೊಲ್ಲತ್ತೆ, ನಡುವೆ ಒಂದು ಉಬ್ಬು ಉಳಿಯತ್ತೆ. ಕಾರ್ಬನ್‌ಗೆ ಡೆಲ್ಟಾ ಹತ್ರ ಅದು 25-30 ಡಿಗ್ರಿ ಆಸುಪಾಸು ಕೂರತ್ತೆ, ನಿಮ್ಮ ಡೇಟಾದಲ್ಲಿ ಅಲ್ಲೇ ಇರ್ಬೇಕು, ನೋಡಿ. ಸೀಸದ ನ್ಯೂಕ್ಲಿಯಸ್ ದೊಡ್ಡದು, ಉಬ್ಬು ಇನ್ನೂ ಮುಂದಕ್ಕೆ ಸರಿದು ಕಿರಿದಾಗತ್ತೆ, ಹಿಂದೆ ಡಿಫ್ರಾಕ್ಷನ್‌ನ ತಗ್ಗು-ಉಬ್ಬುಗಳೂ ಕಾಣತ್ತೆ.

ಪೌಲಿ ಬ್ಲಾಕಿಂಗ್ ಹಾಕಿದ ಮೇಲೆ ಮುಂದೆ ತಗ್ಗಾಯ್ತು ಅಂದ್ರಲ್ಲ, ಅದು ಸರಿಯಾಗೇ ಇದೆ. ಚಿಕ್ಕ ಕೋನ ಅಂದ್ರೆ ಚಿಕ್ಕ ಮೊಮೆಂಟಮ್ ಟ್ರಾನ್ಸ್‌ಫರ್, ಹೊಡೆತ ತಿಂದ ನ್ಯೂಕ್ಲಿಯಾನ್‌ಗೆ ಹೋಗೋಕೆ ಖಾಲಿ ಜಾಗ ಇಲ್ಲ, ಹಾಗಾಗಿ ಒಡೆದು ಹೋಗೋ ಇವೆಂಟ್ ಕಮ್ಮಿ. ನ್ಯೂಕ್ಲಿಯಸ್ ಇಡಿಯಾಗಿ ಉಳಿಯೋ ಇವೆಂಟ್‌ಗಳು ಜಾಸ್ತಿ ಆಗೋದೂ ಅಲ್ಲೇ. ನಿಮ್ಮ ಕೋಡ್‌ನಲ್ಲಿ ಮೊದಲಿನದು ಇದೆ, ಎರಡನೇದು ಇಲ್ಲ, ಅಷ್ಟೇ.

ಮಾಡೋದು ಹೇಗೆ ಅಂದ್ರೆ, ಕೊಹೆರೆಂಟ್ (ನ್ಯೂಕ್ಲಿಯಸ್ ಇಡಿಯಾಗಿ ಉಳಿಯೋ) ಭಾಗವನ್ನ ಬೇರೆಯಾಗೇ ಲೆಕ್ಕ ಹಾಕಿ ಕ್ಯಾಸ್ಕೇಡ್‌ನಿಂದ ಬಂದ ಇನ್‌ಕೊಹೆರೆಂಟ್ ಭಾಗಕ್ಕೆ ಕೂಡಿಸಿ. ಇಲ್ಲೂ ಪಯಾನ್ ಹೊರಬರೋ ದಾರಿ ಮುಖ್ಯ, ಆದ್ರೆ ಅದನ್ನ ಡಿಕ್ಕಿ ಎಣಿಸಿ ಮಾಡಲ್ಲ, ಚದುರುವಿಕೆ ಹೀರಿಕೆ ಎರಡನ್ನೂ ಒಟ್ಟಿಗೆ ಹೇಳೋ ಆಪ್ಟಿಕಲ್ ಪೊಟೆನ್ಷಿಯಲ್‌ನಲ್ಲಿ ಪಯಾನ್‌ನ ಅಲೆಯನ್ನೇ ಬಗ್ಗಿಸಿ ಮಾಡ್ತಾರೆ, ಡಿಸ್ಟಾರ್ಟೆಡ್ ವೇವ್ ಇಂಪಲ್ಸ್ ಅಪ್ರಾಕ್ಸಿಮೇಶನ್ ಅನ್ನೋದು ಇದನ್ನೇ. ಬರೀ ಪ್ಲೇನ್ ವೇವ್ ಹಾಕಿದ್ರೆ ಡೆಲ್ಟಾ ಹತ್ರ ಬಹಳ ಜಾಸ್ತಿ ಬರತ್ತೆ.

ಇದರಲ್ಲಿ ಸ್ವಲ್ಪ ಹುಷಾರಾಗಿರಿ. ಡಿಟೆಕ್ಟರ್‌ಗೆ ಕೊಹೆರೆಂಟ್ ಯಾವುದು, ನ್ಯೂಕ್ಲಿಯಸ್ ಸ್ವಲ್ಪ ಅಲುಗಾಡಿದ್ದು ಯಾವುದು ಅಂತ ಬೇರ್ಪಡಿಸೋದು ಸುಲಭ ಅಲ್ಲ, ಕಾರ್ಬನ್‌ನ ಮೊದಲ ಎಕ್ಸೈಟೆಡ್ ಸ್ಟೇಟ್ 4.44 ಎಂಇವಿಯಲ್ಲೇ ಇದೆ, ಪೈ ಝೀರೋ ಎನರ್ಜಿ ಅಳೆಯೋ ನಿಖರತೆ ಅಷ್ಟು ಚಿಕ್ಕ ವ್ಯತ್ಯಾಸಕ್ಕೆ ಸಾಲಲ್ಲ. ಮೈಂಜ್‌ನ ಮ್ಯಾಮಿ ಯಂತ್ರದಲ್ಲಿ 672 ಸೋಡಿಯಂ ಅಯೊಡೈಡ್ ಹರಳುಗಳ ಕ್ರಿಸ್ಟಲ್ ಬಾಲ್ ಇಟ್ಟವರು ಪೈ ಝೀರೋ ಜೊತೆಗೆ ಆ 4.4 ಎಂಇವಿ ಗಾಮಾವನ್ನೂ ಹಿಡಿದು ಈ ಭಾಗವನ್ನ ಬೇರೆಯಾಗಿ ಅಳೆದ್ರು, 2008ರಲ್ಲಿ ಬಂತು. ನನ್ನ ಪ್ರಕಾರ ಮಾಡೆಲ್ ಬರೆಯೋರಿಗೆ ಅಂಥ ಡೇಟಾ ಚಿನ್ನ ಇದ್ದ ಹಾಗೆ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಈ ಮಾಡೆಲ್ ಮೇಲೆ ದೊಡ್ಡ ವಿಷಯಗಳು ನಿಂತಿವೆ. ಪೈ ಝೀರೋ ಪ್ರೋಟಾನ್ ಮೇಲೂ ನ್ಯೂಟ್ರಾನ್ ಮೇಲೂ ಹೆಚ್ಚುಕಮ್ಮಿ ಒಂದೇ ಆಂಪ್ಲಿಟ್ಯೂಡ್‌ನಲ್ಲಿ ಹುಟ್ಟೋದ್ರಿಂದ ಕೊಹೆರೆಂಟ್ ಉಬ್ಬಿನ ಆಕಾರ ಇಡೀ ಮ್ಯಾಟರ್ ಹೇಗೆ ಹರಡಿದೆ ಅಂತ ಹೇಳತ್ತೆ, ಪ್ರೋಟಾನ್ ಹರಡಿಕೆ ಎಲೆಕ್ಟ್ರಾನ್ ಪ್ರಯೋಗಗಳಿಂದ ಗೊತ್ತಿದೆ, ಎರಡನ್ನೂ ಸೇರಿಸಿದ್ರೆ ನ್ಯೂಟ್ರಾನ್ ಹರಡಿಕೆ ಸಿಗತ್ತೆ. ಹೀಗೆ 2014ರಲ್ಲಿ ಸೀಸ-208ರ ನ್ಯೂಟ್ರಾನ್ ಸ್ಕಿನ್ (ನ್ಯೂಟ್ರಾನ್ ಹರಡಿಕೆ ಪ್ರೋಟಾನ್ ಹರಡಿಕೆಗಿಂತ ಎಷ್ಟು ಹೊರಗೆ ಚಾಚಿದೆ ಅನ್ನೋದು) 0.15 ಫೆರ್ಮಿ ಅಂತ ಮೈಂಜ್‌ನಿಂದ ಬಂತು. ಆಮೇಲೆ 2021ರಲ್ಲಿ ಜೆಫರ್ಸನ್ ಲ್ಯಾಬ್‌ನ ಪ್ರೆಕ್ಸ್-2, ಪೂರ್ತಿ ಬೇರೆ ದಾರಿಯಲ್ಲಿ, 0.283 ಅಂತ ಹೇಳ್ತು, ಎರರ್ 0.07. ನ್ಯೂಟ್ರಾನ್ ನಕ್ಷತ್ರ ಎಷ್ಟು ದಪ್ಪ ಅನ್ನೋ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧ ಇದೆ. ಮುಂದೆ ಕೊಹೆರೆಂಟ್ ಪೈ ಝೀರೋ ಥಿಯರಿಯನ್ನ ಮತ್ತೆ ಬಗೆದು ನೋಡಿದವರು, ಪಯಾನ್ ಹೊರಬರೋ ದಾರಿಯ ಅನಿಶ್ಚಿತತೆ ಇರೋವಾಗ ಸ್ಕಿನ್‌ನ ಅಷ್ಟು ನಿಖರವಾಗಿ ಹೇಳೋದು ಕಷ್ಟ ಅಂತ ತೋರಿಸಿದ್ರು. ನೀವು ಈಗ ಸಿಕ್ಕಿಹಾಕಿಕೊಂಡಿರೋ ಜಾಗವೇ ಅದು.

ಪಯಾನ್_ಪಥ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಉಬ್ಬು 28 ಡಿಗ್ರಿ ಹತ್ರಾನೇ ಇದೆ ಮೇಡಂ, ಈಗಷ್ಟೇ ಪ್ಲಾಟ್ ತೆಗೆದು ನೋಡಿದೆ. ಒಟ್ಟು ಹೀರಿಕೆಯ ಟೆಸ್ಟ್ ಕೂಡ ಮಾಡಿದೆ, ಕಾರ್ಬನ್‌ಗೂ ಸೀಸಕ್ಕೂ ಪ್ರತಿ ನ್ಯೂಕ್ಲಿಯಾನ್‌ಗೆ ಹೆಚ್ಚುಕಮ್ಮಿ ಒಂದೇ ಗೆರೆ ಬರ್ತಿದೆ, ಆದ್ರೆ 250 ಎಂಇವಿ ಕೆಳಗೆ ಡೇಟಾಗಿಂತ ಕಮ್ಮಿ, ಪೀಕ್ ಹತ್ರ ಡೇಟಾಗಿಂತ ಸ್ವಲ್ಪ ಚೂಪಾಗಿದೆ.

ಇನ್ನೊಂದು ಗೊಂದಲ. ಪಯಾನ್ ದಾರಿ ಹಾಕೋವಾಗ ಎರಡು ಆಯ್ಕೆ ಕಾಣ್ತಿದೆ, ಒಂದು ಡೆಲ್ಟಾವನ್ನೇ ಒಂದು ಕಣ ಅಂತ ಓಡಿಸೋದು, ಇನ್ನೊಂದು ಡೆಲ್ಟಾ ಬಿಟ್ಟು ಪಯಾನ್‌ಗೆ ನೇರವಾಗಿ ಚದುರುವಿಕೆ ಮತ್ತು ಹೀರಿಕೆಯ ಪ್ರಾಬಬಿಲಿಟಿ ಕೊಡೋದು. ಯಾವುದು ಸರಿ? ಹಾಗೇ ಮುಂದೆ 1 ಜಿಇವಿ ದಾಟಿ ಈಟಾ, ಒಮೆಗಾ (ಪಯಾನ್‌ಗಿಂತ ಭಾರದ ಮೀಸಾನ್‌ಗಳು) ಕಡೆಗೂ ಹೋಗೋ ಆಸೆ ಇದೆ, ಇದೇ ಕೋಡ್ ಅಲ್ಲಿಗೂ ಎಳೆಯತ್ತಾ?

ಡೆಲ್ಟಾ_1232:

ಥ್ರೆಡ್‌ಗೆ ತಡವಾಗಿ ಬಂದೆ, ಡೆಲ್ಟಾ ಪ್ರಶ್ನೆಗೆ ನಾನು ಹೇಳ್ತೀನಿ.

ಎರಡೂ ದಾರಿ ನಡೆಯತ್ತೆ, ಬೆರಕೆ ಮಾಡಿದ್ರೆ ಮಾತ್ರ ಕೆಡತ್ತೆ. ಬಿಡಿ ಡೆಲ್ಟಾ ಅಗಲ (ಎನರ್ಜಿಯಲ್ಲಿ ಪೀಕ್ ಹರಡಿದ ಪ್ರಮಾಣ, ಆಯಸ್ಸು ಕಮ್ಮಿ ಇದ್ದಷ್ಟೂ ಜಾಸ್ತಿ) 117 ಎಂಇವಿ, ಅಂದ್ರೆ ಆಯಸ್ಸು ಬೆಳಕಿನ ದೂರದಲ್ಲಿ 1.7 ಫೆರ್ಮಿ. ನ್ಯೂಕ್ಲಿಯಾನ್‌ಗಳ ನಡುವಿನ ಅಂತರ ಕೂಡ ಸುಮಾರು ಅಷ್ಟೇ. ಹಾಗಾಗಿ ಡೆಲ್ಟಾ ಸಾಯೋ ಮುಂಚೆ ಪಕ್ಕದವರಿಗೆ ತಾಗೋದು ಆಗೊಮ್ಮೆ ಈಗೊಮ್ಮೆ ನಡೆಯೋ ಅಪರೂಪದ ಘಟನೆ ಅಲ್ಲ, ಮಾಮೂಲು. ಒಳಗೆ ಎರಡು ಎಫೆಕ್ಟ್ ವಿರುದ್ಧ ದಿಕ್ಕಿಗೆ ಎಳೆಯತ್ತೆ: ಡೆಲ್ಟಾ ಒಡೆದಾಗ ಬರೋ ನ್ಯೂಕ್ಲಿಯಾನ್‌ಗೆ ಪೌಲಿ ಅಡ್ಡಿ ಇರೋದ್ರಿಂದ ಅಗಲ ಕಮ್ಮಿ ಆಗತ್ತೆ, ಡೆಲ್ಟಾ ಪಕ್ಕದ ನ್ಯೂಕ್ಲಿಯಾನ್‌ಗೆ ಡಿಕ್ಕಿ ಹೊಡೆಯೋ ಹೊಸ ದಾರಿ ಸಿಗೋದ್ರಿಂದ ಅಗಲ ಜಾಸ್ತಿ ಆಗತ್ತೆ. ಎರಡನೇದೇ ಗೆಲ್ಲತ್ತೆ. ನಿಮ್ಮ ಹೀರಿಕೆ ಗೆರೆ ಡೇಟಾಗಿಂತ ಚೂಪಾಗಿರೋದು ಇದು ಇಲ್ಲದೇ ಇರೋದ್ರಿಂದ. ಫರ್ಮಿ ಚಲನೆಯಿಂದ ಈಗಾಗ್ಲೇ ಸ್ವಲ್ಪ ಅಗಲ ಬಂದಿರತ್ತೆ, 340 ಎಂಇವಿ ಫೋಟಾನ್‌ಗೆ 221ರ ಮಿತಿಯಲ್ಲಿ ಸೆಂಟರ್ ಆಫ್ ಮಾಸ್ ಎನರ್ಜಿ ಆಚೀಚೆ 60 ಎಂಇವಿ ತನಕ ಅಲುಗಾಡತ್ತೆ, ಅದು ಡೆಲ್ಟಾದ ಅರ್ಧ ಅಗಲಕ್ಕೆ ಸಮ, ಆದ್ರೂ ಸಾಲಲ್ಲ. 1987ರಲ್ಲಿ ಓಸೆಟ್ ಮತ್ತು ಸಾಲ್ಸೆಡೋ ಡೆಲ್ಟಾದ ಸೆಲ್ಫ್ ಎನರ್ಜಿಯನ್ನ (ಒಳಗೆ ಅದರ ಎನರ್ಜಿ ಮತ್ತು ಅಗಲ ಎಷ್ಟು ಬದಲಾಗತ್ತೆ ಅನ್ನೋದನ್ನ) ಡೆನ್ಸಿಟಿ ಮತ್ತು ಎನರ್ಜಿಯ ಫಂಕ್ಷನ್ ಆಗಿ ಸುಲಭದ ಫಾರ್ಮುಲಾ ರೂಪದಲ್ಲೇ ಕೊಟ್ಟಿದಾರೆ, ಚದುರುವಿಕೆ, ಎರಡು ನ್ಯೂಕ್ಲಿಯಾನ್ ಹೀರಿಕೆ, ಮೂರು ನ್ಯೂಕ್ಲಿಯಾನ್ ಹೀರಿಕೆ ಮೂರನ್ನೂ ಬಿಡಿಬಿಡಿಯಾಗಿ. ಈಗಲೂ ಬಹಳ ಕೋಡ್‌ಗಳು ಅದನ್ನೇ ಬಳಸ್ತವೆ.

ಈಗ ಬೆರಕೆ ವಿಷ್ಯ. ಡೆಲ್ಟಾವನ್ನ ಕಣವಾಗಿ ಓಡಿಸಿ ಅದಕ್ಕೆ ಡಿಕ್ಕಿ ಹೊಡೆಸಿ ಎರಡು ನ್ಯೂಕ್ಲಿಯಾನ್ ಮಾಡ್ತಿದ್ರೆ ಪಯಾನ್ ಹೀರಿಕೆ ಅಲ್ಲೇ ಮುಗೀತು, ಮತ್ತೆ ಪಯಾನ್‌ಗೆ ಬೇರೆಯಾಗಿ ಹೀರಿಕೆ ಕೊಟ್ರೆ ಒಂದೇ ಪಯಾನ್‌ನ ಎರಡು ಸಲ ಕೊಂದ ಹಾಗಾಗತ್ತೆ. ಡೆಲ್ಟಾ ಬಿಟ್ಟು ಪಯಾನ್ ಮಾತ್ರ ಓಡಿಸೋದಾದ್ರೆ, ಹುಟ್ಟೋ ಹಂತದಲ್ಲೇ ಡೆಲ್ಟಾ ಅಗಲದ ಡಿಕ್ಕಿ ಪಾಲನ್ನ ಪಯಾನ್ ಇಲ್ಲದ ಇವೆಂಟ್ ಅಂತ ಎಣಿಸ್ಬೇಕು, ಯಾಕಂದ್ರೆ ಅಲ್ಲಿ ಪಯಾನ್ ಹುಟ್ಟೋ ಮುಂಚೆಯೇ ಡೆಲ್ಟಾ ಹೋಗಿರತ್ತೆ. ನನಗೆ ಮೊದಲ ದಾರಿ ಇಷ್ಟ, ಯಾಕಂದ್ರೆ ಪಯಾನ್ ನ್ಯೂಕ್ಲಿಯಾನ್ ಸೇರಿ ಡೆಲ್ಟಾ, ಡೆಲ್ಟಾ ನ್ಯೂಕ್ಲಿಯಾನ್ ಸೇರಿ ಎರಡು ನ್ಯೂಕ್ಲಿಯಾನ್, ಎರಡಕ್ಕೂ ಉಲ್ಟಾ ಪ್ರಕ್ರಿಯೆ ಡೀಟೇಲ್ಡ್ ಬ್ಯಾಲೆನ್ಸ್‌ನಿಂದ ತಾನಾಗೇ ಸಿಗತ್ತೆ. ಗೀಸೆನ್‌ನವರ ಗಿಬುವು ಕೋಡ್ ಈ ದಾರಿಯಲ್ಲೇ ಹೋಗತ್ತೆ, ಫೋರ್ಟ್ರಾನ್‌ನಲ್ಲಿದೆ, ಸೋರ್ಸ್ ಎಲ್ಲರಿಗೂ ತೆರೆದಿದೆ, ನಿಮ್ಮದನ್ನ ಬರೆದ ಮೇಲೆ ಅದರ ಜೊತೆ ಹೋಲಿಸಿ ನೋಡೋದು ಒಳ್ಳೇದು.

250ರ ಕೆಳಗೆ ಹೀರಿಕೆ ಕಮ್ಮಿ ಅಂದ್ರಲ್ಲ, ಅದು ಕ್ವಾಸಿ ಡ್ಯೂಟೆರಾನ್. ಫೋಟಾನ್ ಒಂದು ಪ್ರೋಟಾನ್-ನ್ಯೂಟ್ರಾನ್ ಜೋಡಿಯ ಮೇಲೆ ಬಿದ್ದು ಪಯಾನ್ ಇಲ್ಲದೇ ಎರಡನ್ನೂ ಎಸೆಯೋದು, 1951ರಲ್ಲೇ ಲೆವಿಂಜರ್ ಬರೆದದ್ದು. ಪಯಾನ್ ಥ್ರೆಶೋಲ್ಡ್ ಕೆಳಗೆ ಅದೇ ರಾಜ, ಮೇಲೂ ಸ್ವಲ್ಪ ದೂರ ಉಳಿಯತ್ತೆ. ನಿಮ್ಮ ಪೈ ಝೀರೋ ನಂಬರ್‌ಗೆ ಅದರಿಂದ ಏನೂ ಬದಲಾಗಲ್ಲ, ಒಟ್ಟು ಹೀರಿಕೆಗೆ ಮಾತ್ರ ಬೇಕು.

1 ಜಿಇವಿ ಕಡೆ ಹೋದಾಗ ಒಂದು ಆಶ್ಚರ್ಯ ಕಾದಿದೆ. ಬಿಡಿ ಪ್ರೋಟಾನ್‌ನಲ್ಲಿ 700 ಎಂಇವಿ ಆಸುಪಾಸು ಎರಡನೇ ಗುಡ್ಡ, 1 ಜಿಇವಿ ಹತ್ರ ಮೂರನೇ ಗುಡ್ಡ ಸ್ಪಷ್ಟವಾಗಿ ಕಾಣತ್ತೆ. ನ್ಯೂಕ್ಲಿಯಸ್‌ನಲ್ಲಿ ಎರಡೂ ಮಾಯ, ಫ್ರಸ್ಕಾಟಿಯಲ್ಲಿ 1990ರ ದಶಕದಲ್ಲಿ ಅಳೆದದ್ದು, ಡೆಲ್ಟಾ ಒಂದೇ ಉಳಿದಿದೆ. ಬರೀ ಫರ್ಮಿ ಚಲನೆ ಹಾಕಿ ಎರಡನೇ ಗುಡ್ಡವನ್ನ ಅಷ್ಟು ಪೂರ್ತಿ ಅಳಿಸೋಕೆ ಆಗಲ್ಲ. ರೆಸೊನೆನ್ಸ್ (ಡೆಲ್ಟಾದಂಥ ಅಲ್ಪಾಯುಷಿ ಸ್ಥಿತಿ) ಒಳಗೆ ಅಗಲ ಆಗೋದು, ಎರಡು ಪಯಾನ್ ಹುಟ್ಟೋ ಚಾನಲ್‌ಗಳು ಬದಲಾಗೋದು ಹೀಗೆ ಹಲವು ವಿವರಣೆ ಇದೆ, ನನ್ನ ಮಟ್ಟಿಗೆ ಯಾವ ಒಂದೂ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಅಂದ್ರೆ ಡೆಲ್ಟಾಗೆ ಸರಿ ಮಾಡಿದ ಕೋಡ್ ಅಲ್ಲಿಗೆ ಹಾಗೇ ಎಳೆಯಲ್ಲ.

ಈಟಾ ಒಂದು ಒಳ್ಳೇ ಪರೀಕ್ಷೆ. ಪ್ರೋಟಾನ್ ಮೇಲೆ ಥ್ರೆಶೋಲ್ಡ್ 707 ಎಂಇವಿ, ಹುಟ್ಟೋದು ಬಹುತೇಕ 1535 ಎಂಇವಿ ಮಾಸ್‌ನ ಒಂದೇ ರೆಸೊನೆನ್ಸ್‌ನಿಂದ, ಹಿನ್ನೆಲೆ ಗಲಾಟೆ ಕಮ್ಮಿ. 1996ರಲ್ಲಿ ಮೈಂಜ್‌ನಲ್ಲಿ ಟ್ಯಾಪ್ಸ್ ಡಿಟೆಕ್ಟರ್ ಇಟ್ಟು ಕಾರ್ಬನ್ನಿಂದ ಸೀಸದ ತನಕ ಅಳೆದಾಗ ಎ ಘಾತ 2/3 ಚೆನ್ನಾಗಿ ಬಂತು, ಒಳಗೆ ಈಟಾ ಬಲವಾಗಿ ಹೀರಲ್ಪಡತ್ತೆ ಅಂತ ಅದರಿಂದಲೇ ಗೊತ್ತಾಯ್ತು. ಒಮೆಗಾ ಇನ್ನೂ ಕುತೂಹಲ, ಹೊರಗೆ ಅದರ ಅಗಲ 8.7 ಎಂಇವಿ ಮಾತ್ರ, ಅಂದ್ರೆ 20 ಫೆರ್ಮಿಗೂ ಜಾಸ್ತಿ ಹೋಗಬೇಕು, ಆದ್ರೆ ಭಾರದ ನ್ಯೂಕ್ಲಿಯಸ್‌ನಿಂದ ಹೊರಬರೋ ಪ್ರಮಾಣವನ್ನ ಕಾರ್ಬನ್‌ಗೆ ಹೋಲಿಸಿ ನೋಡಿದಾಗ ಒಳಗಿನ ಅಗಲ 100 ಎಂಇವಿ ದಾಟತ್ತೆ ಅಂತ ಬಾನ್‌ನ ಪ್ರಯೋಗದಿಂದ ಬಂತು. ಈ ಟ್ರಾನ್ಸ್‌ಪರೆನ್ಸಿ ರೇಶಿಯೋ ನಿಮ್ಮ ಕೋಡ್‌ನಿಂದಲೂ ತೆಗೆಯಿರಿ, ಹುಟ್ಟಿನ ಕ್ರಾಸ್ ಸೆಕ್ಷನ್‌ನ ತಪ್ಪು ಬಹಳಷ್ಟು ಕ್ಯಾನ್ಸಲ್ ಆಗಿ ದಾರಿಯ ಭಾಗ ಮಾತ್ರ ಉಳಿಯತ್ತೆ.

ಅಲೆ_ಮತ್ತು_ಕಣ:

ಎನರ್ಜಿ ಏರಿಸೋರಿಗೆ ಇನ್ನೆರಡು ಮಾತು. ಮೇಲೆ ಫೋಟಾನ್‌ಗೆ ಇಡೀ ನ್ಯೂಕ್ಲಿಯಸ್ ಪಾರದರ್ಶಕ ಅಂದದ್ದು ಕೆಲವು ಜಿಇವಿ ಆದ ಮೇಲೆ ನಿಜ ಅಲ್ಲ. ಫೋಟಾನ್ ಆಗಾಗ ರೋ ಮೀಸಾನ್ ರೂಪಕ್ಕೆ ಏರಿಳಿತ ಆಗ್ತಿರತ್ತೆ, ಆ ರೂಪದಲ್ಲಿ ಎಷ್ಟು ದೂರ ಇರತ್ತೆ ಅನ್ನೋದು ಫೋಟಾನ್ ಎನರ್ಜಿಯ ಎರಡರಷ್ಟನ್ನ ರೋ ಮಾಸ್‌ನ ವರ್ಗದಿಂದ ಭಾಗಿಸಿದಷ್ಟು. 3 ಜಿಇವಿಗೆ ಅದು 2 ಫೆರ್ಮಿ ಆಯ್ತು, ನ್ಯೂಕ್ಲಿಯಾನ್‌ಗಳ ಅಂತರ ಮುಟ್ಟಿತು, ಅಲ್ಲಿಂದ ಮುಂದಿನ ನ್ಯೂಕ್ಲಿಯಾನ್ ಹಿಂದಿನದಕ್ಕೆ ನೆರಳು ಕೊಡೋಕೆ ಶುರು ಮಾಡತ್ತೆ. ಅಲ್ಲಿ ಸಾಲಾಗಿ ನಡೆಯೋ ಹಲವು ಚದುರುವಿಕೆಗಳನ್ನ ಒಟ್ಟಿಗೆ ಲೆಕ್ಕ ಹಾಕೋ ಗ್ಲೌಬರ್ ಥಿಯರಿ ಬೇಕು.

ಇನ್ನೊಂದು ನನಗೆ ಬಹಳ ಪ್ರೀತಿಯ ವಿಷ್ಯ, ಪ್ರಿಮಾಕಾಫ್ ಎಫೆಕ್ಟ್. 1951ರಲ್ಲಿ ಹೆನ್ರಿ ಪ್ರಿಮಾಕಾಫ್ ಹೇಳಿದ್ದು: ಪೈ ಝೀರೋ ಎರಡು ಗಾಮಾ ಆಗತ್ತೆ ಅಂದ್ರೆ ಉಲ್ಟಾನೂ ಆಗ್ಲೇಬೇಕು, ಬರೋ ಫೋಟಾನ್ ಒಂದು, ನ್ಯೂಕ್ಲಿಯಸ್‌ನ ಕೂಲಂಬ್ ಫೀಲ್ಡ್‌ನ ಫೋಟಾನ್ ಇನ್ನೊಂದು, ಎರಡೂ ಸೇರಿ ಪೈ ಝೀರೋ. ಹೀಗೆ ಹುಟ್ಟೋದನ್ನ ಎಣಿಸಿದ್ರೆ ಪೈ ಝೀರೋ ಆಯಸ್ಸನ್ನೇ ಅಳೆದ ಹಾಗೆ. ಜೆಫರ್ಸನ್ ಲ್ಯಾಬ್‌ನ ಪ್ರೈಮೆಕ್ಸ್ ಪ್ರಯೋಗ ಇದನ್ನ 5 ಜಿಇವಿ ಫೋಟಾನ್‌ಗಳಲ್ಲಿ ಮಾಡ್ತು. ಕಷ್ಟ ಎಲ್ಲಿ ಅಂದ್ರೆ ಪ್ರಿಮಾಕಾಫ್ ಪೀಕ್ ಇರೋದು 0.02 ಡಿಗ್ರಿಯಲ್ಲಿ, ಅದರ ಬುಡಕ್ಕೆ ನಾವು ಮೇಲೆ ಮಾತಾಡಿದ ಕೊಹೆರೆಂಟ್ ಉಬ್ಬು ಒಂದೆರಡು ಡಿಗ್ರಿಯಿಂದ ಹರಡಿಕೊಂಡು ಬರತ್ತೆ, ಎರಡರ ನಡುವೆ ಇಂಟರ್‌ಫೆರೆನ್ಸ್ ಇರತ್ತೆ, ಕೆಳಗೆ ಇನ್‌ಕೊಹೆರೆಂಟ್ ಬೇರೆ. ನಾಲ್ಕನ್ನೂ ಮಾಡೆಲ್ ಮಾಡಿ ಬಿಡಿಸದೇ ಇದ್ರೆ ಉತ್ತರ ಸಿಗಲ್ಲ. ಇನ್‌ಕೊಹೆರೆಂಟ್ ಭಾಗಕ್ಕೆ ಅಲ್ಲೂ ಕ್ಯಾಸ್ಕೇಡ್ ಲೆಕ್ಕವನ್ನೇ ಬಳಸಿದಾರೆ. ಕಾರ್ಬನ್, ಸೀಸ, ಆಮೇಲೆ ಸಿಲಿಕಾನ್, ಹೀಗೆ ಬೇರೆ ಬೇರೆ ಟಾರ್ಗೆಟ್ ಇಟ್ಟದ್ದೂ ಮಾಡೆಲ್ ಎಲ್ಲಿ ಜಾರತ್ತೆ ಅಂತ ಹಿಡಿಯೋಕೆ. 2020ರಲ್ಲಿ ಬಂದ ಅಂತಿಮ ನಂಬರ್, ಅಂದ್ರೆ ಪೈ ಝೀರೋ ಎರಡು ಗಾಮಾ ಆಗೋ ಅಗಲ, 7.80 ಇವಿ, ಎರರ್ ಶೇಕಡಾ 1.5. 1969ರಲ್ಲಿ ಆಡ್ಲರ್, ಬೆಲ್, ಜಾಕಿವ್ ಕಂಡುಹಿಡಿದ ಕೈರಲ್ ಅನಾಮಲಿಯಿಂದ (ಕ್ವಾಂಟಂ ಲೆಕ್ಕದಲ್ಲಿ ಒಂದು ಸಿಮೆಟ್ರಿ ಮುರಿಯೋದು) ಸಿಗೋ ಮೊದಲ ಹಂತದ ಲೆಕ್ಕ 7.75ರ ಆಸುಪಾಸು. ನ್ಯೂಕ್ಲಿಯಸ್ ಒಳಗೆ ಪಯಾನ್ ಹೇಗೆ ಸುತ್ತಾಡತ್ತೆ ಅನ್ನೋ ನಿಮ್ಮ ಈ ಲೆಕ್ಕ ಸರಿ ಇಲ್ದಿದ್ರೆ ಕ್ವಾಂಟಂ ಫೀಲ್ಡ್ ಥಿಯರಿಯ ಅಷ್ಟು ಆಳದ ಒಂದು ಮಾತನ್ನ ಇಷ್ಟು ನಿಖರವಾಗಿ ಪರೀಕ್ಷೆ ಮಾಡೋಕೆ ಆಗ್ತಿರಲಿಲ್ಲ, ನನಗಂತೂ ಇದು ನೆನೆಸ್ಕೊಂಡಾಗೆಲ್ಲ ಖುಷಿ ಆಗತ್ತೆ.

ಕ್ಯಾಸ್ಕೇಡ್_ಕೋಡಿಗ:

ಚೂಪಾಗಿರೋದಕ್ಕೆ ಡೆಲ್ಟಾ ಅವರು ಹೇಳಿದ್ದೇ ಕಾರಣ, ಅದನ್ನ ಮೊದಲು ಹಾಕಿ. ಒಂದು ಮಿತಿ ಮಾತ್ರ ಗಮನದಲ್ಲಿರ್ಲಿ, ಪಯಾನ್ ಮೊಮೆಂಟಮ್ 100 ಎಂಇವಿ ಆದಾಗ ಅದರ ಅಲೆಯ ಉದ್ದ 12 ಫೆರ್ಮಿ, ಕಾರ್ಬನ್ ನ್ಯೂಕ್ಲಿಯಸ್‌ಗಿಂತ ದೊಡ್ಡದು. ಅಷ್ಟು ನಿಧಾನದ ಪಯಾನ್‌ನ ಒಂದು ಬಿಂದು ಅಂತ ತಿಳಿದು ಡಿಕ್ಕಿಯಿಂದ ಡಿಕ್ಕಿಗೆ ಓಡಿಸೋದಕ್ಕೆ ಅರ್ಥ ಕಮ್ಮಿ. 200 ಎಂಇವಿ ಫೋಟಾನ್‌ನಿಂದ ಬರೋದು ಬಹುಪಾಲು ಅಂಥ ಪಯಾನ್‌ಗಳೇ, ಹಾಗಾಗಿ ಕ್ಯಾಸ್ಕೇಡ್ ಹೋಲಿಕೆಯನ್ನ 300ರಿಂದ 450ಕ್ಕೆ ಇಟ್ಕೊಳ್ಳಿ, ಅದರ ಕೆಳಗೆ ಕೊಹೆರೆಂಟ್ ಭಾಗವನ್ನ ಆಪ್ಟಿಕಲ್ ಪೊಟೆನ್ಷಿಯಲ್ ಜೊತೆ ನೋಡಿ. ಆಮೇಲೆ ಟಾರ್ಗೆಟ್‌ಗೆ ಕ್ಯಾಲ್ಸಿಯಂ-40 ಕೂಡ ಸೇರಿಸಿ, ಅದೂ ಸ್ಪಿನ್ ಸೊನ್ನೆ, ಪ್ರೋಟಾನ್ ನ್ಯೂಟ್ರಾನ್ ಸಮ, ಕಾರ್ಬನ್‌ಗೂ ಸೀಸಕ್ಕೂ ನಡುವೆ ಒಂದು ಪಾಯಿಂಟ್ ಸಿಗತ್ತೆ. ಡೆಲ್ಟಾ ಓಡಿಸೋ ಭಾಗ ಬರೆದಾದ ಮೇಲೆ ಪ್ರೋಟಾನ್ ಸ್ಪೆಕ್ಟ್ರಮ್ ಇಲ್ಲಿ ಹಾಕಿ, ಹೀರಿಕೆಯಲ್ಲಿ ಕಾಣೆಯಾದ ಪಯಾನ್‌ಗಳ ಎನರ್ಜಿ ಅಲ್ಲಿ ಸಿಗ್ಬೇಕು, ಒಟ್ಟಿಗೆ ಕೂತು ನೋಡೋಣ.